ಮಾತ್ರೆ ಬೇಡ ಎಂದ ಸೀಟಕ್ಕ

ಬಸ್ ಡಿಪೋದ ಹಿಂದಿನ ಬೀದಿಯಲ್ಲಿ, ಪಂಕ್ಚರ್ ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಒಂದು ಅಗಲವಾದ ಶಟರ್ ಇದೆ. ಒಳಗೆ ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಸೂರು ಮುಟ್ಟುವಂತೆ ಪೇರಿಸಿದ ಫೋಮ್ ಹಾಳೆಗಳು, ಮುಚ್ಚಳಕ್ಕೆ ಅಂಟು ಗಟ್ಟಿಯಾಗಿ ಹಿಡಿದ ಡಬ್ಬ, ದಪ್ಪ ಸೂಜಿಯ ಹಳೆಯ ಹೊಲಿಗೆ ಯಂತ್ರ. ಬಸ್ಸಿನದಾಗಲಿ ಬೈಕಿನದಾಗಲಿ, ಸೀಟು ಹರಿದರೆ ನಮ್ಮ ಕಡೆಯವರೆಲ್ಲ ಬರುವುದು ಇಲ್ಲಿಗೇ. ಸೀಟು ಹೊಲಿಯುವ ಅಕ್ಕ ಎನ್ನುವುದು ಬಾಯಿಂದ ಬಾಯಿಗೆ ಸವೆದು ಸೀಟಕ್ಕ ಆಯಿತು. ಅವಳ ನಿಜವಾದ ಹೆಸರೇನು ಎಂದು ಕೇಳಿದರೆ ಎದುರಿನ ಟೀ ಅಂಗಡಿಯವನೂ ತಲೆ ಕೆರೆದುಕೊಳ್ಳುತ್ತಾನೆ.

ಇದು ಅವಳ ಅಪ್ಪನ ಕಸುಬು. ಅಪ್ಪನ ಕಣ್ಣು ಮಂಜಾಗುವ ಹೊತ್ತಿಗೆ ಅಣ್ಣನಿಗೆ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು, ಅಕ್ಕ ಮದುವೆಯಾಗಿ ಹೋಗಿದ್ದಳು. ಉಳಿದವಳು ಇವಳು. ಹತ್ತೊಂಬತ್ತನೆಯ ವಯಸ್ಸಿಗೆ ಯಂತ್ರದ ಮುಂದೆ ಕುಳಿತಳು. ಬಸ್ಸಿನೊಳಗೆ ಹೆಂಗಸೊಬ್ಬಳು ಅಂಗಾತ ಮಲಗಿ ಸೀಟಿನಡಿಯ ಬೋಲ್ಟು ತಿರುಗಿಸುವುದು ನೋಡಲು ಚೆಂದವಲ್ಲ ಎಂದು ಡಿಪೋದ ಸೂಪರ್‌ವೈಸರ್ ಒಬ್ಬ ತಕರಾರು ತೆಗೆದಿದ್ದನಂತೆ. ಅವಳು ಮಲಗಿದಲ್ಲಿಂದಲೇ, "ಚೆಂದ ನೋಡೋಕೆ ಬಂದಿದ್ದೀರಾ, ಸೀಟು ನೋಡೋಕೆ ಬಂದಿದ್ದೀರಾ ಸಾರ್?" ಎಂದಿದ್ದಳು. ಆ ಮಾತು ಇಂದಿಗೂ ಡಿಪೋದಲ್ಲಿ ಓಡಾಡುತ್ತಿದೆ. ನಡುವೆ ಮದುವೆಯೂ ಆಯಿತು. ನಾಲ್ಕು ವರ್ಷದ ಮೇಲೆ ಗಂಡ ಅಂಗಡಿ ಮುಚ್ಚು ಎಂದ. ಅವಳು ಅಂಗಡಿ ಇಟ್ಟುಕೊಂಡು ಗಂಡನನ್ನು ಬಿಟ್ಟಳು.

ಹಟಮಾರಿ ಎಂದು ಅವಳನ್ನು ಬಂಧುಗಳೆಲ್ಲ ಆಡಿಕೊಳ್ಳುತ್ತಿದ್ದರು. ಹಟ ಇತ್ತು, ನಿಜ. ಆದರೆ ಆ ಹಟಕ್ಕೆ ಪೂರ್ತಿ ಕೆಲಸ ಸಿಕ್ಕಿದ್ದು ಚಿಂದಿ ಬಂದ ಮೇಲೆ.

ಚಿಂದಿ ಒಂದು ಹೆಣ್ಣು ನಾಯಿ. ಒಂದು ಬೆಳಿಗ್ಗೆ ಶಟರ್ ಎತ್ತಿದಾಗ ಹೊರಗಿನ ಬಟ್ಟೆಚೂರಿನ ರಾಶಿಯೊಳಗೆ ಏನೋ ನಡುಗುವುದು ಕಂಡಿತು. ಎಡಗಿವಿ ಅರ್ಧ ಹರಿದಿತ್ತು, ಬೆನ್ನ ಮೇಲೆ ಹಗ್ಗದ ಗಾಯ. ಯಾರಾದರೂ ಕೈ ಎತ್ತಿದರೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಸೀಟಕ್ಕ ಅದನ್ನು ಎತ್ತಿಕೊಳ್ಳಲು ಹೋಗಲಿಲ್ಲ. ಪಕ್ಕದಲ್ಲಿ ಹಾಲಿಟ್ಟು ತನ್ನ ಪಾಡಿಗೆ ಹೊಲಿಯುತ್ತ ಕುಳಿತಳು. ಐದನೆಯ ದಿನ ಅದು ತಾನೇ ಬಂದು ಯಂತ್ರದ ಕೆಳಗೆ, ಅವಳ ಪಾದದ ಪಕ್ಕ ಮಲಗಿತು. ವಿಚಿತ್ರವೆಂದರೆ ಹೊಲಿಗೆ ಯಂತ್ರದ ಗಡಗಡ ಸದ್ದಿಗೆ ಅದು ಎಂದೂ ಬೆದರಲಿಲ್ಲ. ಬಲೂನು ಒಡೆದರೆ, ಕುಕ್ಕರ್ ಕೂಗಿದರೆ, ನಾಲ್ಕು ಜನ ಒಟ್ಟಿಗೆ ನಕ್ಕರೆ ಮಾತ್ರ ಅದರ ಜೀವ ಬಾಯಿಗೆ ಬರುತ್ತಿತ್ತು.

ಚಿಂದಿ ಬಂದ ವರ್ಷದ ಕೊನೆಯ ರಜೆಗೆ ಸೀಟಕ್ಕ ಅದನ್ನು ಅಣ್ಣನ ಮನೆಗೆ ಕರೆದುಕೊಂಡು ಹೋದಳು. ಐದು ಗಂಟೆಯ ದಾರಿ. ವರ್ಷಕ್ಕೊಮ್ಮೆ ಇಡೀ ಬಳಗ ಅಲ್ಲಿ ಸೇರುತ್ತದೆ. ಅವಳ ಅಮ್ಮ ಇರುವುದೂ ಅಲ್ಲೇ. ಆಗ ಸೀಟಕ್ಕನಿಗೂ ಏನೂ ತಿಳಿಯದು. ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯನ್ನು ಹಾಗೇ ಕೂರಿಸಿಕೊಂಡು ಹೋದಳು. ದಾರಿಯುದ್ದಕ್ಕೂ ಅದು ಜೊಲ್ಲು ಸುರಿಸುತ್ತ, ವಾಂತಿ ಮಾಡುತ್ತ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹಾರುತ್ತ ಬಂತು. ಮನೆ ತಲುಪಿದರೆ ಬಾಗಿಲಲ್ಲೇ ಇಪ್ಪತ್ತು ಜನ. ಎಲ್ಲರಿಗೂ ಅದರ ತಲೆ ಸವರಬೇಕು. ಚಿಂದಿ ಸೋಫಾದಡಿ ನುಗ್ಗಿ ಕುಳಿತು ಒಂದೇ ಸಮ ಊಳಿಟ್ಟಿತು.

ಆ ಮನೆಯಲ್ಲಿ ಎಲ್ಲರ ಮಾತಿಗಿಂತ ಮೇಲಿನ ಮಾತು ಭಾವನದು, ಅಂದರೆ ಅಕ್ಕನ ಗಂಡನದು. ಭಾವನಿಗೆ ದೊಡ್ಡ ಔಷಧದ ಅಂಗಡಿಯಿದೆ. ಯಾರು ಸೀನಿದರೂ, ಯಾರಿಗೆ ಸೊಂಟ ಹಿಡಿದರೂ, ಅವರ ಕೈ ಅಂಗಿಯ ಜೇಬಿಗೆ ಹೋಗುತ್ತದೆ, ಒಂದು ಮಾತ್ರೆ ಹೊರಗೆ ಬರುತ್ತದೆ. ಕೆಟ್ಟ ಮನುಷ್ಯ ಅಲ್ಲ. ತನಗೆ ತಿಳಿಯದ್ದು ಯಾವುದೂ ಇಲ್ಲ ಎಂದುಕೊಂಡ ಮನುಷ್ಯ. ಸೀಟಕ್ಕ ಸ್ನಾನಕ್ಕೆ ಹೋಗಿದ್ದಾಗ ಅವರು ತಾವು ನುಂಗುವ ನಿದ್ದೆ ಮಾತ್ರೆಯಲ್ಲಿ ಅರ್ಧ ಮುರಿದು, ಬಿಸ್ಕತ್ತಿನೊಳಗೆ ಸೇರಿಸಿ ನಾಯಿಗೆ ತಿನ್ನಿಸಿದರು.

ಅವಳು ಹೊರಗೆ ಬಂದಾಗ ಮನೆ ಶಾಂತವಾಗಿತ್ತು. ನೋಡು, ಎಷ್ಟು ಚೆನ್ನಾಗಿ ಮಲಗಿದೆ ಎಂದು ಎಲ್ಲರೂ ಖುಷಿಯಲ್ಲಿದ್ದರು. ಚಿಂದಿ ಮಲಗಿರಲಿಲ್ಲ. ಕಣ್ಣು ಅರ್ಧ ತೆರೆದಿತ್ತು, ಏಳಲು ಹೋದರೆ ಹಿಂಗಾಲು ಜಾರುತ್ತಿತ್ತು, ನಾಲಗೆ ಹೊರಗೆ ಬಿದ್ದಿತ್ತು, ಮೈ ತಣ್ಣಗಾಗುತ್ತಿತ್ತು. ಏನು ಕೊಟ್ಟಿರಿ ಎಂದು ಕೇಳಿದರೆ ಭಾವ, ಅರ್ಧ ನಿದ್ದೆ ಮಾತ್ರೆ, ನಾಯಿಯನ್ನು ಕೇಳಿ ಕೊಡುವುದಕ್ಕಾಗುತ್ತದಾ ಎಂದು ನಕ್ಕರು. ಸೀಟಕ್ಕ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಆಸ್ಪತ್ರೆ ಹುಡುಕುತ್ತ ಬೀದಿಗಿಳಿದಳು. ಹಿಂದಿನಿಂದ ಯಾರೋ, ಊಟಕ್ಕೆ ಎಲ್ಲರೂ ಕೂತಿದ್ದಾರೆ, ಒಂದು ನಾಯಿಗೋಸ್ಕರ ರಜೆ ಹಾಳುಮಾಡಬೇಡ ಎಂದರು. ಯಾರು ಹೇಳಿದ್ದು ಎಂದು ಅವಳು ತಿರುಗಿ ನೋಡಲಿಲ್ಲ.

ನಾಯಿ ಬದುಕಿತು. ಡ್ರಿಪ್ ಹಾಕಿದ ವೈದ್ಯೆ, ಮನುಷ್ಯರ ಮಾತ್ರೆ ನಾಯಿಗೆ ವಿಷವಾಗಬಹುದು ಎಂದರು. ಹೆದರಿದ ನಾಯಿಯ ಕೈಕಾಲನ್ನು ಮಾತ್ರೆ ಕಟ್ಟಿಹಾಕುತ್ತದೆ, ಹೆದರಿಕೆ ಒಳಗೇ ಇರುತ್ತದೆ ಎಂದೂ ಹೇಳಿದರು. ಆ ಮಾತು ಸೀಟಕ್ಕನ ಎದೆಯಲ್ಲಿ ಹೊಲಿಗೆ ಹಾಕಿದಂತೆ ಉಳಿಯಿತು. ಅವಳು ಆಸ್ಪತ್ರೆಯಿಂದಲೇ ಬಸ್ ಸ್ಟ್ಯಾಂಡಿಗೆ ಹೋದಳು. ಅಮ್ಮನಿಗೂ ಹೇಳದೆ ಊರಿಗೆ ಮರಳಿದಳು. ಮುಂದಿನ ವರ್ಷ ಕರೆ ಬಂದಾಗ ಕೆಲಸ ಇದೆ ಎಂದು ಫೋನು ಇಟ್ಟಳು.

ಅದರ ಮುಂದಿನ ವರ್ಷ ಅಮ್ಮನೇ ಫೋನು ಮಾಡಿದರು. ಅಮ್ಮನಿಗೆ ಎಂಬತ್ತು ತುಂಬಿತ್ತು. ನಿನ್ನ ಮುಖ ನೋಡಿ ಎರಡು ವರ್ಷ ಆಯಿತು ಎಂದಷ್ಟೇ ಅಮ್ಮ ಹೇಳಿದರು. ಆಮೇಲೆ ಅಣ್ಣ ಫೋನು ಈಸಿಕೊಂಡು, ಬಾ, ಆದರೆ ಆ ನಾಯಿಯನ್ನು ಎಲ್ಲಾದರೂ ಬಿಟ್ಟು ಬಾ ಎಂದ.

ಸೀಟಕ್ಕ ಯಂತ್ರ ನಿಲ್ಲಿಸಿದಳು. ಇಬ್ಬರೂ ಬರುತ್ತೇವೆ, ಇಲ್ಲದಿದ್ದರೆ ಇಬ್ಬರೂ ಇಲ್ಲ ಎಂದಳು. ಮಹಡಿಯ ಮೇಲಿನ ಸಾಮಾನಿನ ಕೋಣೆ ತನಗೆ ಬೇಕು, ಅದರ ಬಾಗಿಲನ್ನು ತನ್ನನ್ನು ಕೇಳದೆ ಯಾರೂ ತೆಗೆಯಬಾರದು, ನಾಯಿಯನ್ನು ಯಾರೂ ಮುಟ್ಟಬಾರದು, ಯಾರೂ ಏನೂ ತಿನ್ನಿಸಬಾರದು ಎಂದು ಒಂದೊಂದೇ ಹೇಳಿದಳು.

"ಇದು ಮನೆಯಾ, ಆಸ್ಪತ್ರೆಯಾ?" ಎಂದ ಅಣ್ಣ.

"ಹೋದ ಸಲ ಆಸ್ಪತ್ರೆಗೆ ಹೋಗಿದ್ದು ನಿಮ್ಮನೆಯಿಂದಾನೇ ಅಲ್ವಾ ಅಣ್ಣಾ?"

ಅಣ್ಣ ಗೊಣಗುತ್ತ ಒಪ್ಪಿದ. ಅಮ್ಮನ ಮುಂದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ರಜೆಗೆ ಇನ್ನೂ ಎರಡು ತಿಂಗಳಿತ್ತು. ಸೀಟಕ್ಕ ಅಂದಿನಿಂದಲೇ ತಯಾರಿಗೆ ಇಳಿದಳು. ಫೋಮು ಸಾಗಿಸಲು ಅವಳದೊಂದು ಹಳೆಯ ವ್ಯಾನು ಇದೆ. ಗುಜರಿಗೆ ಹೋಗಬೇಕಿದ್ದ ಬಸ್ ಸೀಟಿನ ಕಬ್ಬಿಣದ ಚೌಕಟ್ಟೊಂದನ್ನು ಡಿಪೋದಿಂದ ತಂದು, ಕತ್ತರಿಸಿ ನಾಯಿ ಕೂರುವ ಪೆಟ್ಟಿಗೆ ಮಾಡಿ, ಚಾಲಕನ ಸೀಟಿನ ಹಿಂದೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದಳು. ಮೂರು ಬದಿಗೆ ಗಾಳಿಯಾಡುವ ಬಲೆಬಟ್ಟೆ, ತಳಕ್ಕೆ ನಾಲ್ಕು ಇಂಚಿನ ಗಟ್ಟಿ ಫೋಮು, ಮೇಲೆ ಒರೆಸಿದರೆ ಹೋಗುವ ರೆಕ್ಸಿನ್ನು. ಹಳೆಯ ಸೀಟ್ ಬೆಲ್ಟಿನ ಪಟ್ಟಿಯಿಂದ ಎದೆಪಟ್ಟಿ ಹೊಲಿದಳು. ಕೊರಳಿಗೆ ಕಟ್ಟಿದರೆ ಬ್ರೇಕು ಹಾಕಿದಾಗ ಕುತ್ತಿಗೆ ಉಳುಕುತ್ತದೆ. ಎದೆಗೆ ಕಟ್ಟಿದರೆ ಮೈಯ ಭಾರವೆಲ್ಲ ಹರಡಿಕೊಳ್ಳುತ್ತದೆ. ತೋಳಿನ ಸಂದಿಗೆ ಉಜ್ಜದಂತೆ ಒಳಗೆ ಮೆತ್ತನೆಯ ಬಟ್ಟೆ ಕೊಟ್ಟಳು. ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದಳು. ಬಸ್ಸಿನ ಸೀಟಿಗೂ ಅಷ್ಟು ತಲೆ ಕೆಡಿಸಿಕೊಂಡವಳಲ್ಲ.

ಆಮೇಲೆ ಪಾಠ. ಮೊದಲ ವಾರ ಅಂಥದೇ ಒಂದು ಪೆಟ್ಟಿಗೆ ಅಂಗಡಿಯ ನೆಲದ ಮೇಲೆ ಇತ್ತು, ಊಟ ಅದರೊಳಗೆ. ಎರಡನೆಯ ವಾರ ಊಟ ನಿಂತ ವ್ಯಾನಿನಲ್ಲಿ. ಮೂರನೆಯ ವಾರ ಇಂಜಿನ್ ಚಾಲೂ, ಚಕ್ರ ಮಾತ್ರ ಅಲುಗದು. ಆಮೇಲೆ ಡಿಪೋಗೆ ಒಂದು ಸುತ್ತು, ಆಮೇಲೆ ಊರಾಚೆಯ ಸೇತುವೆಯವರೆಗೆ. ರಜೆಗೆ ಅಣ್ಣನ ಬೀದಿಯಲ್ಲಿ ಹೊಡೆಯುವ ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಕೇಳಿಯೂ ಕೇಳಿಸದಷ್ಟು ಸಣ್ಣಗೆ ಹಾಕಿ, ಜೊತೆಗೆ ಬೇಯಿಸಿದ ಮೊಟ್ಟೆಯ ತುಂಡು ಕೊಡುತ್ತಿದ್ದಳು. ಪ್ರತಿ ವಾರ ಸದ್ದು ಕೂದಲೆಳೆಯಷ್ಟು ಹೆಚ್ಚುತ್ತಿತ್ತು. ನಾಯಿ ಮೂಗು ನೆಕ್ಕಿಕೊಂಡರೆ, ಸುಮ್ಮಸುಮ್ಮನೆ ಆಕಳಿಸಿದರೆ, ಕಣ್ಣಿನ ಬಿಳಿ ಕಂಡರೆ, ಹೆದರಿಕೆ ಏರಿತೆಂದು ಅಂದಿನ ಪಾಠ ಅಲ್ಲಿಗೇ ಮುಗಿಯಿತು.

ಬೀದಿಯವರಿಗೆ ಇದೊಂದು ಪುಕ್ಕಟೆ ನಾಟಕವಾಯಿತು. ನಾನೂ ನಕ್ಕವನೇ, ನನ್ನ ಗಡಿಯಾರ ರಿಪೇರಿಯ ಮೇಜಿನಿಂದ ಅವಳ ಅಂಗಡಿ ನೇರ ಕಾಣುತ್ತದೆ. ಟೀ ಅಂಗಡಿಯವನು, ತಾನು ಹೆಂಡತಿಯ ತವರಿಗೆ ಹೋಗುವಾಗ ಕೂರಲು ಅಂಥದೇ ಪೆಟ್ಟಿಗೆ ಮಾಡಿಕೊಡು ಎಂದು ಕೇಳಿದ. ನಿನ್ನ ಹೊಟ್ಟೆಗೆ ಸಾಲುವಷ್ಟು ಪಟ್ಟಿ ನನ್ನ ಹತ್ತಿರ ಇಲ್ಲ ಎಂದಳು ಸೀಟಕ್ಕ. ನಮ್ಮ ನಗುವಿಗೆ ಅವಳು ಸೊಪ್ಪು ಹಾಕಲಿಲ್ಲ. ಎಂಟನೆಯ ವಾರ ಕೀಲಿಕೈ ಕಿಣಿಗುಟ್ಟಿದರೆ ಚಿಂದಿ ತಾನೇ ವ್ಯಾನಿಗೆ ಹಾರುತ್ತಿತ್ತು. ಅಂದಿನಿಂದ ನಾವು ನಗುವುದು ನಿಲ್ಲಿಸಿದೆವು.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ನಾಯಿಗೆ ಸ್ವಲ್ಪವೇ ಊಟ, ಒಂಬತ್ತಕ್ಕೆ ಪ್ರಯಾಣ. ಚೀಲದಲ್ಲಿ ಮನೆಯದೇ ನೀರು, ಮನೆಯದೇ ಬಟ್ಟಲು, ಎಂದೂ ಒಗೆಯದ ಅದರ ಹಾಸು. ಒಗೆದರೆ ವಾಸನೆ ಹೋಗುತ್ತದೆ, ವಾಸನೆಯೇ ಅದಕ್ಕೆ ಮನೆ ಎನ್ನುತ್ತಿದ್ದಳು. ಕೊರಳಪಟ್ಟಿಗೆ ಫೋನ್ ನಂಬರು ಹೊಲಿದ ರೆಕ್ಸಿನ್ ತುಂಡು. ಎರಡು ಗಂಟೆಗೊಮ್ಮೆ ನಿಲ್ಲಿಸಿದಳು. ಪೆಟ್ರೋಲ್ ಬಂಕಿನಲ್ಲಿ ಮೊದಲು ಹಗ್ಗ ಸಿಕ್ಕಿಸಿ, ಅದರ ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿ, ಆಮೇಲೆ ಬಾಗಿಲು ತೆಗೆದಳು. ಅದೇ ಹೊತ್ತಿಗೆ ಪಕ್ಕದಲ್ಲಿ ಒಂದು ಬೈಕು ಢಮ್ಮೆಂದು ಹೊಗೆ ಉಗುಳಿತು. ಚಿಂದಿ ಗಾಳಿಗೆ ಹಾರಿತು. ಹಗ್ಗ ಬಿಗಿಯಿತು, ಸೀಟಕ್ಕನ ಮಣಿಕಟ್ಟಿನ ಚರ್ಮ ಸುಲಿಯಿತು, ನಾಯಿ ಮಾತ್ರ ಹೆದ್ದಾರಿಗೆ ಹೋಗಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕುಳಿತಳು, ಅದರ ಉಸಿರು ಇಳಿಯುವವರೆಗೆ. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಲೇ ಇದ್ದ. ಹೊಡೆಯಲಿ ಎಂದು ಬಿಟ್ಟಳು.

ಮೂರು ಗಂಟೆಗೆ ಅಣ್ಣನ ಮನೆ. ವ್ಯಾನು ನಿಲ್ಲುವ ಮೊದಲೇ ಭಾವ ಗೇಟಿನಿಂದ ನಗುತ್ತ ಬಂದು ಹಿಂದಿನ ಬಾಗಿಲಿನ ಹಿಡಿಗೆ ಕೈ ಹಾಕಿದರು. ಹಿಂದೆ ಅಣ್ಣ, ಅತ್ತಿಗೆ, ಅಕ್ಕ, ಇನ್ನೂ ಹತ್ತಾರು ಜನ. ಸೀಟಕ್ಕ ಇಳಿದು ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಭಾವ, ಕೈ ತೆಗೀರಿ."

"ಏನಮ್ಮಾ, ಒಳಗೆ ರಾಣಿ ಕೂತಿದ್ದಾಳಾ?"

"ಹೆದರ್ಕೊಂಡಿರೋಳು ಕೂತಿದ್ದಾಳೆ. ರಾಣಿ ಆಗಿದ್ರೆ ನೀವೇ ದೂರ ನಿಂತ್ಕೊಳ್ತಿದ್ರಿ."

ಭಾವನ ನಗು ಮುಖದ ಮೇಲೆಯೇ ಒಣಗಿತು. ಎಲ್ಲರೂ ಒಳಗೆ ಹೋಗಿ, ಹತ್ತು ನಿಮಿಷ ಹೊರಗೆ ಬರಬೇಡಿ ಎಂದು ಅವಳು ಕೇಳಿಕೊಂಡಳು. ಕೇಳಿಕೊಂಡಳು ಎನ್ನುವುದಕ್ಕಿಂತ ಹೇಳಿದಳು ಎನ್ನಬೇಕು. ಮೂಗು ಮುರಿಯುತ್ತ ಒಬ್ಬೊಬ್ಬರೇ ಒಳಗೆ ಹೋದರು. ಅವಳು ನಾಯಿಯನ್ನು ಖಾಲಿ ಬೀದಿಯಲ್ಲಿ ಮೂಸಲು ಬಿಡುತ್ತ ಎರಡು ಸುತ್ತು ನಡೆಸಿ, ಪಕ್ಕದ ಮೆಟ್ಟಿಲಿನಿಂದ ನೇರ ಮಹಡಿಗೆ ಹತ್ತಿಸಿದಳು. ಸಾಮಾನಿನ ಕೋಣೆಯಲ್ಲಿ ಹಳೆಯ ಹಾಸಿಗೆಗಳು, ಮುರಿದ ಕುರ್ಚಿ, ಒಂದು ಟೇಬಲ್ ಫ್ಯಾನು. ಹಾಸು ಹಾಸಿ, ಕಿಟಕಿಗೆ ದಪ್ಪ ರೆಕ್ಸಿನ್ನಿನ ಪರದೆ ಬಿಗಿದು, ಬಾಗಿಲ ಹೊರಗೆ ತಾನೇ ಹೊಲಿದು ತಂದ ಬೋರ್ಡು ತೂಗುಹಾಕಿದಳು. ಕಪ್ಪು ರೆಕ್ಸಿನ್ನಿನ ಮೇಲೆ ಬಿಳಿ ದಾರದಲ್ಲಿ: ಒಳಗೆ ನಾಯಿ ಇದೆ. ನನ್ನನ್ನು ಕೇಳದೆ ತೆಗೆಯಬಾರದು.

ಕೆಳಗೆ ಬಂದು ಅಮ್ಮನ ಬಳಿ ಕುಳಿತಾಗ ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ಅಮ್ಮ ಎಂದರೆ ಮಾತು. ಬೆಳಿಗ್ಗೆ ಎದ್ದರೆ ಹಾಲಿನವನಿಂದ ಹಿಡಿದು ಸೊಸೆಯ ತವರಿನವರೆಗೆ ಎಲ್ಲರನ್ನೂ ಬೈದು ಮುಗಿಸುವವರು. ಆ ಅಮ್ಮ ಕುರ್ಚಿಯಲ್ಲಿ ಒಂದು ಬದಿಗೆ ವಾಲಿಕೊಂಡಿದ್ದರು. ಬಂದೆಯಾ ಎಂದರು. ಆ ಒಂದು ಮಾತೂ ನಾಲಗೆಯಲ್ಲಿ ತೊಡರಿತು. ಆಮೇಲೆ ಕಣ್ಣು ಮುಚ್ಚಿದರು. ಬಂದವರೆಲ್ಲ ಅಮ್ಮನ ಪಕ್ಕ ಬಾಗಿ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. ವಯಸ್ಸಾಯಿತಲ್ಲ ಎಂದಳು ಅಕ್ಕ. ಫೋನಿನಲ್ಲಿ ಎರಡು ತಿಂಗಳ ಹಿಂದೆ ಮಾತಾಡಿದ ಅಮ್ಮ ಇಷ್ಟು ಬೇಗ ಇಷ್ಟು ಮುಪ್ಪಾದದ್ದು ಹೇಗೆ ಎಂದು ಸೀಟಕ್ಕನಿಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ತಿಳಿಯಿತು. ಚಿಂದಿಯ ಬಟ್ಟಲು ತೊಳೆಯಲು ಅಡುಗೆಮನೆಗೆ ಹೋದಾಗ ಅತ್ತಿಗೆ ಅಮ್ಮನ ಹಾಲಿನ ಲೋಟ ಹಿಡಿದು ನಿಂತಿದ್ದರು. ಇನ್ನೊಂದು ಅಂಗೈಯಲ್ಲಿ ಅರ್ಧ ಮಾತ್ರೆ. ಕಟ್ಟೆಯ ಮೇಲೆ ಅದರ ಪಟ್ಟಿ. ಆ ನೀಲಿ ಗೆರೆಯ ಪಟ್ಟಿಯನ್ನು ಸೀಟಕ್ಕ ಮರೆಯುವಂತಿರಲಿಲ್ಲ. ಎರಡು ವರ್ಷದ ಹಿಂದೆ ಪ್ರಾಣಿವೈದ್ಯೆಗೆ ತೋರಿಸಲು ಭಾವನ ಜೇಬಿನಿಂದ ಕಿತ್ತುಕೊಂಡು ಹೋದದ್ದು ಅದನ್ನೇ.

"ಇದು ಯಾರು ಬರ್ಕೊಟ್ಟಿದ್ದು ಅತ್ತಿಗೆ?"

ಅತ್ತಿಗೆ ಮುಖ ತಿರುಗಿಸಿದರು. ಆಮೇಲೆ ತಡೆಯದೆ ಹೇಳಿಕೊಂಡರು. ಯಾರೂ ಬರೆದುಕೊಟ್ಟಿಲ್ಲ, ಭಾವ ಕೊಟ್ಟದ್ದು. ಜನ ತುಂಬಿದಾಗ ಅತ್ತೆ ಸಿಡುಕುತ್ತಾರೆ, ಗದ್ದಲ ಬೇಡ ಎಂದು ಎದ್ದು ಹೋಗುತ್ತಾರೆ, ಬಂದವರಿಗೆ ಏನಾದರೂ ಅಂದುಬಿಡುತ್ತಾರೆ. ಇಪ್ಪತ್ತು ಜನರ ಅಡುಗೆಯ ನಡುವೆ ತಾನು ಯಾರನ್ನು ನೋಡಿಕೊಳ್ಳಲಿ? ನಾಲ್ಕು ದಿನದ ಮಾತು, ಅರ್ಧವೇ ಅರ್ಧ. ಹೇಳುತ್ತ ಹೇಳುತ್ತ ಅತ್ತಿಗೆಯ ಕಣ್ಣು ತುಂಬಿತು. ಸೀಟಕ್ಕ ಅವರ ಮೇಲೆ ಕೂಗಲಿಲ್ಲ. ಅವರ ಕೈಯಿಂದ ಮಾತ್ರೆ ತೆಗೆದುಕೊಂಡು ಮೋರಿಗೆ ಹಾಕಿದಳು, ಮಧ್ಯಾಹ್ನದ ಪಾತ್ರೆಗಳೆಲ್ಲ ತನ್ನ ಪಾಲು ಎಂದಳು, ಪಟ್ಟಿಯನ್ನು ಎತ್ತಿಕೊಂಡು ನಡುಮನೆಗೆ ನಡೆದಳು.

ನಡುಮನೆಯಲ್ಲಿ ಭಾವ ಟೀ ಕುಡಿಯುತ್ತ ಯಾರಿಗೋ ಮಂಡಿನೋವಿನ ಔಷಧ ಹೇಳುತ್ತಿದ್ದರು. ಸೀಟಕ್ಕ ಮೊದಲು ಅಮ್ಮನನ್ನು ಯಾವಾಗಲೂ ನೋಡುವ ಡಾಕ್ಟರಿಗೆ ಫೋನು ಮಾಡಿದಳು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಮಾತ್ರೆಯ ಹೆಸರು ಓದಿದಳು. ತಾನು ಇದನ್ನು ಬರೆದೇ ಇಲ್ಲ ಎಂದರು ಡಾಕ್ಟರು. ಈ ವಯಸ್ಸಿಗೆ ಇದನ್ನು ಕೊಟ್ಟರೆ ಬಿದ್ದು ಸೊಂಟ ಮುರಿಯುತ್ತದೆ, ಇನ್ನು ಒಂದು ಚೂರೂ ಕೊಡಬೇಡಿ, ನಾಳೆಯೇ ಕರೆದುಕೊಂಡು ಬನ್ನಿ ಎಂದರು.

ಸೀಟಕ್ಕ ಪಟ್ಟಿಯನ್ನು ಭಾವನ ಟೀ ಲೋಟದ ಪಕ್ಕ ಇಟ್ಟಳು.

"ಮೂವತ್ತು ವರ್ಷದಿಂದ ಮಾತ್ರೆ ಮಾರ್ತಿದ್ದೀನಿ," ಎಂದರು ಭಾವ. "ನೀನು ನನಗೆ ಹೇಳ್ಕೊಡ್ತೀಯಾ?"

"ಮಾರೋದು ನಿಮಗೆ ಗೊತ್ತು ಭಾವ. ಕೇಳೋದು ಗೊತ್ತಿಲ್ಲ. ಹೋದ ಸಲ ನಾಯಿನ ಕೇಳೋಕೆ ಆಗ್ತಿರಲಿಲ್ಲ ಅಂದ್ರಿ. ಅಮ್ಮನಿಗೆ ಬಾಯಿ ಇದೆ. ಅಮ್ಮನ್ನ ಕೇಳಿದ್ರಾ?"

ಆ ಮನೆಯಲ್ಲಿ ಭಾವನಿಗೆ ಹಾಗೆ ಎದುರಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಅಣ್ಣ ಕಿಟಕಿಯ ಹೊರಗೆ ನೋಡತೊಡಗಿದ. ಭಾವ ಎದ್ದು ಲೋಟವನ್ನು ಕುಕ್ಕಿ ಹೊರಗೆ ಹೋದರು. ಎಲ್ಲರೆದುರು ಅವರ ಮಾನ ಕಳೆದೆ, ಮನೆಯ ಅಳಿಯನಿಗೆ ಹೀಗೆ ಮಾತಾಡುವುದಾ ಎಂದು ಅಕ್ಕ ಅತ್ತಳು. ಅಮ್ಮನ ಕಾಲು ನಿಲ್ಲುತ್ತಿಲ್ಲ, ನಿನಗೆ ಅವರ ಮಾನದ ಚಿಂತೆಯಾ ಎಂದು ಸೀಟಕ್ಕ ಕೇಳಿದಳು. ಹೇಳಿಬಿಟ್ಟಳೇ ಹೊರತು, ಪಾತ್ರೆ ತೊಳೆಯಲು ಕುಳಿತಾಗ ಹೆದರಿಕೆಗೆ ಒಂದೇ ಲೋಟವನ್ನು ಮೂರು ಸಲ ತೊಳೆದಳಂತೆ. ಇದನ್ನು ಅವಳೇ ನನಗೆ ಹೇಳಿದ್ದು. ಹೆದರಿಕೆಯೇ ಇಲ್ಲದವಳು ಎಂದು ನಾವೆಲ್ಲ ತಿಳಿದಿದ್ದೆವು.

ಸಂಜೆ ನಾಲ್ಕರ ಹೊತ್ತಿಗೆ ಅಮ್ಮನ ಕಣ್ಣು ತಿಳಿಯಾಯಿತು. ಐದಕ್ಕೆ, ನಡುಮನೆಯಲ್ಲಿ ಯಾರೋ ಹಾಡು ಜೋರಾಗಿ ಹಾಕಿದಾಗ, ಮೊದಲ ಬೈಗುಳ ಬಿತ್ತು: ಯಾವ ಪುಣ್ಯಾತ್ಮ ಈ ಸ್ಪೀಕರು ಇಟ್ಟವನು, ಕಿವಿ ಹರಿದು ಹೋಗುತ್ತಿದೆ. ಆ ಬೈಗುಳ ಕೇಳಿ ಸೀಟಕ್ಕನಿಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು. ಗದ್ದಲವಿಲ್ಲದ ಕಡೆ ಕರೆದುಕೊಂಡು ಹೋಗು ಎಂದರು ಅಮ್ಮ. ಗದ್ದಲವಿಲ್ಲದ ಜಾಗ ಆ ಮನೆಯಲ್ಲಿ ಒಂದೇ ಇತ್ತು.

ಒಂದೊಂದೇ ಮೆಟ್ಟಿಲು ಹತ್ತಿಸಿ, ಬಾಗಿಲ ಹೊರಗೇ ನಿಲ್ಲಿಸಿ, ಸೀಟಕ್ಕ ಅಮ್ಮನಿಗೂ ಅದೇ ನಿಯಮ ಹೇಳಿದಳು. ಕೈ ಚಾಚಬಾರದು, ಕಣ್ಣಿಗೆ ಕಣ್ಣಿಟ್ಟು ನೋಡಬಾರದು, ಸುಮ್ಮನೆ ಕುಳಿತಿರಬೇಕು. ನನಗಾದರೂ ಅದನ್ನು ಮುಟ್ಟಿ ಏನಾಗಬೇಕಿದೆ ಎಂದು ಅಮ್ಮ ಹಾಸಿಗೆಯ ರಾಶಿಗೆ ಒರಗಿ ಕುಳಿತರು. ಚಿಂದಿ ಮೂಲೆಯಿಂದ ನೋಡಿತು. ಅಮ್ಮ ಮಾತು ಶುರುಮಾಡಿದರು. ಎರಡು ದಿನ ನಾಲಗೆಯಲ್ಲಿ ಕಟ್ಟಿಕೊಂಡಿದ್ದದ್ದೆಲ್ಲ ಹೊರಗೆ ಬಂತು. ಯಂತ್ರದ ಸದ್ದಿನಂತೆ ಏರಿಳಿತವಿಲ್ಲದ ಆ ಮಾತು ನಾಯಿಗೆ ಹಿಡಿಸಿತೋ ಏನೋ, ಅರ್ಧ ಗಂಟೆಗೆ ಅದು ಹತ್ತಿರ ಬಂದು ಅಮ್ಮನ ಕಾಲ ಬಳಿ ಗದ್ದ ಊರಿ ಮಲಗಿತು. ಐವತ್ತು ವರ್ಷದಲ್ಲಿ ತನ್ನ ಮಾತನ್ನು ಪೂರ್ತಿ ಕೇಳಿದ್ದು ಇದೊಂದೇ ಎಂದರು ಅಮ್ಮ.

ಏಳಕ್ಕೆ ಬೀದಿಯಲ್ಲಿ ಪಟಾಕಿ ಶುರುವಾಯಿತು. ಸೀಟಕ್ಕ ಫ್ಯಾನನ್ನು ಜೋರಿಗೆ ತಿರುಗಿಸಿ, ಪರದೆಯ ಅಂಚನ್ನು ಹಾಸಿಗೆಯಿಂದ ಒತ್ತಿ, ನೆಲದ ಮೇಲೆ ಕುಳಿತಳು. ಚಿಂದಿ ನಡುಗಿತು, ಸುತ್ತಿತು, ಒಮ್ಮೆ ಬಾಗಿಲು ಕೆರೆಯಿತು. ಅವಳು ಹಿಡಿದುಕೊಳ್ಳಲಿಲ್ಲ, ಬೈಯಲಿಲ್ಲ. ಮೊಟ್ಟೆಯ ತುಂಡುಗಳನ್ನು ಒಂದೊಂದೇ ನೆಲದ ಮೇಲೆ ಇಡುತ್ತ ಹೋದಳು. ಹತ್ತನೆಯದೋ ಹನ್ನೆರಡನೆಯದೋ ತುಂಡನ್ನು ನಾಯಿ ತಿಂದಿತು. ತಿನ್ನುವಷ್ಟು ಧೈರ್ಯ ಬಂದರೆ ಸಾಕು, ಮುಂದಿನದು ತಾನೇ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಆಗ ಬಾಗಿಲು ಬಡಿದ ಸದ್ದು. ಬೋರ್ಡು ಓದಿಯೂ ಭಾವ ಚಿಲಕ ಅಲುಗಿಸುತ್ತಿದ್ದರು. ಕೆಳಗೆ ಎಲ್ಲರೂ ಫೋಟೋಗೆ ಸಾಲಾಗಿ ನಿಂತಿದ್ದಾರೆ, ಅತ್ತೆಯನ್ನು ಕಳಿಸು ಎಂದರು. ಚಿಂದಿಯ ಬೆನ್ನಿನ ಕೂದಲು ಎದ್ದಿತು. ಸೀಟಕ್ಕ ಒಳಗಿನಿಂದಲೇ, ಈಗ ಬಾಗಿಲು ತೆಗೆಯುವುದಿಲ್ಲ, ಪಟಾಕಿ ನಿಂತ ಮೇಲೆ ಕರೆದುಕೊಂಡು ಬರುತ್ತೇನೆ ಎಂದಳು. ಇದು ನಿನ್ನ ಮನೆ ಅಲ್ಲ ಎಂದರು ಭಾವ.

ಅದಕ್ಕೆ ಉತ್ತರ ಕೊಟ್ಟದ್ದು ಅಮ್ಮ. "ನನ್ನದಂತೂ ಹೌದಲ್ವಾ ಅಳಿಯಂದ್ರೇ? ನಾನು ಬರಲ್ಲ. ಬರಲೇಬೇಕು ಅಂದ್ರೆ, ಫೋಟೋದಲ್ಲಿ ನಾನು ಕಣ್ಣು ಬಿಟ್ಕೊಂಡಿರಬೇಕಾ, ಮುಚ್ಕೊಂಡಿರಬೇಕಾ ಅಂತ ಮೊದಲೇ ಹೇಳಿ."

ಚಿಲಕದ ಅಲುಗಾಟ ನಿಂತಿತು. ಆಮೇಲೆ ಮೆಟ್ಟಿಲಿಳಿಯುವ ಹೆಜ್ಜೆಯ ಸದ್ದು. ಆ ವರ್ಷದ ಫೋಟೋದಲ್ಲಿ ಅಮ್ಮನೂ ಇಲ್ಲ, ಸೀಟಕ್ಕನೂ ಇಲ್ಲ.

ಮರುದಿನ ಸೀಟಕ್ಕ ಅಮ್ಮನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿಬಂದಳು. ಅಮ್ಮನಿಗೆ ಏನು ಕೊಟ್ಟರೂ ಡಾಕ್ಟರ ಚೀಟಿ ನೋಡಿಯೇ ಕೊಡುವುದೆಂದು ಅಣ್ಣ ತಾನಾಗಿ ಹೇಳಿದ. ಅವನಿಗೂ ಒಳಗೆ ನಾಚಿಕೆಯಾಗಿತ್ತು. ಊರಿಗೆ ಬಾ ಎಂದು ಸೀಟಕ್ಕ ಅಮ್ಮನನ್ನು ಕರೆದಳು. ನಿನ್ನ ಅಂಗಡಿಯ ಅಂಟಿನ ವಾಸನೆ ನನಗೆ ಆಗದು, ನನ್ನ ಮನೆ ನನಗಿರಲಿ ಎಂದು ಅಮ್ಮ ಒಪ್ಪಲಿಲ್ಲ. ಅವಳೂ ಒತ್ತಾಯಿಸಲಿಲ್ಲ. ಹೊರಡುವಾಗ ಅತ್ತಿಗೆ ಒಂದು ಡಬ್ಬದಲ್ಲಿ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ ತಂದರು. ನಾಯಿಗೆ ಕೊಡಬಹುದಾ ಎಂದು ಕೇಳಿ, ಹೂಂ ಎಂದ ಮೇಲೆಯೇ ವ್ಯಾನಿನೊಳಗೆ ಇಟ್ಟರು.

ಭಾವ ಮಾತು ಬಿಟ್ಟರು. ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಬಳಗವೆಲ್ಲ ಹೋಯಿತು, ಸೀಟಕ್ಕನಿಗೆ ಕರೆ ಬರಲಿಲ್ಲ. ಒಂದು ಸಲ ಕ್ಷಮೆ ಕೇಳಿಬಿಡು, ಎಲ್ಲ ಮುಗಿಯುತ್ತದೆ ಎಂದು ಯಾರು ಯಾರೋ ಫೋನು ಮಾಡಿದರು. ಏನು ತಪ್ಪು ಮಾಡಿದೆ ಎಂದು ಬರೆದು ಕಳಿಸಿ, ಓದಿ ನೋಡುತ್ತೇನೆ ಎಂದಳಂತೆ. ಯಾರೂ ಬರೆಯಲಿಲ್ಲ. ಈ ನಡುವೆ ಪೆಟ್ರೋಲ್ ಬಂಕಿನಲ್ಲಿ ಅವಳ ವ್ಯಾನು ನೋಡಿದವರು ಯಾರೋ ಹುಡುಕಿಕೊಂಡು ಬಂದು ತಮ್ಮ ನಾಯಿಗೂ ಎದೆಪಟ್ಟಿ ಹೊಲಿಸಿದರು. ಅವರಿಂದ ಇನ್ನೊಬ್ಬರು. ರಜೆ ಹತ್ತಿರ ಬಂದಂತೆ ಈಗ ಅವಳ ಅಂಗಡಿಯ ಮುಂದೆ ನಾಯಿಗಳ ಸಾಲು. ಹೊಲಿಗೆಗಿಂತ ಪಾಠವೇ ಉದ್ದ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ನಾಯಿಯನ್ನು ಐದು ನಿಮಿಷ ಬಿಟ್ಟು ಹೋಗುವವರಿಗೆ ನಾನು ಹೊಲಿಯುವುದಿಲ್ಲ ಎಂದು ಒಬ್ಬ ದೊಡ್ಡ ಮನುಷ್ಯನನ್ನು ನನ್ನ ಕಣ್ಣೆದುರೇ ವಾಪಸು ಕಳಿಸಿದಳು.

ಹೋದ ರಜೆಯ ಮೊದಲ ದಿನ ಅಕ್ಕ ಬಂದಳು. ಒಬ್ಬಳೇ, ಬಸ್ಸಿನಲ್ಲಿ, ಕೈಯಲ್ಲಿ ಒಂದು ಸಣ್ಣ ಚೀಲ. ಭಾವ ಎಲ್ಲಿ ಎಂದು ಸೀಟಕ್ಕ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಶಟರಿನ ಗೆರೆಯ ಹೊರಗೇ ನಿಂತು, ಒಳಗೆ ಬರಬಹುದಾ ಎಂದು ಕೇಳಿದಳು. ಚಿಂದಿ ಯಂತ್ರದ ಕೆಳಗಿನಿಂದ ತಲೆ ಎತ್ತಿತು.

"ಬಾ. ನೋಡಬೇಡ ಅದನ್ನ, ನಿನ್ನ ಪಾಡಿಗೆ ನೀನು ಕೂತ್ಕೋ."

ಅಕ್ಕ ಫೋಮಿನ ಕಟ್ಟಿನ ಮೇಲೆ, ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಸೀಟಕ್ಕ ಮತ್ತೆ ಹೊಲಿಗೆಗೆ ಬಾಗಿದಳು. ಅಂದು ಚಿಂದಿ ಹತ್ತಿರ ಬರಲಿಲ್ಲ. ಬಾ ಎಂದು ಯಾರೂ ಅದನ್ನು ಕರೆಯಲೂ ಇಲ್ಲ.